ಮೃದುವಾದ ಕೆಂಪು ವೈನ್: ಅದರ ಗುಣ, ಅದಕ್ಕೆ ಒಗ್ಗುವ ಊಟ ಮತ್ತು ದ್ರಾಕ್ಷಿ ಬೆಳೆಗಾರರ ಕೆಲಸ

ಇಂಡಿ ತಾಲ್ಲೂಕಿನ ಲಚ್ಯಾಣದ ಸಮೀಪ ಎರಡು ಎಕರೆಯಲ್ಲಿ ಸಾಂಜೋವೇಸೆ ಎಂಬ ಇಟಲಿ ಮೂಲದ ವೈನ್ ದ್ರಾಕ್ಷಿಯನ್ನು ಬೆಳೆದ ರೈತರೊಬ್ಬರು ಕಟಾವು ಮುಗಿದ ಮೇಲೆ ನನ್ನಲ್ಲಿಗೆ ಬಂದಿದ್ದರು. ಅವರ ಪ್ರಶ್ನೆ ಹೀಗಿತ್ತು: "ಸಕ್ಕರೆ ಇಪ್ಪತ್ನಾಲ್ಕು ಬಂದಿತ್ರೀ, ಆದ್ರೂ ಮಾಲು ಎರಡನೇ ದರ್ಜೆಗೆ ಹಾಕಿದ್ರು. ಇದರ ವೈನ್ ಒಗರಾಗ್ತದ, ಮೆದು ಬರೂದಿಲ್ಲ ಅಂದ್ರು. ನಾ ಒಂದು ಹನಿ ಮುಟ್ಟಿದಾಂವ ಅಲ್ಲ. ಮೆದು ಅಂದ್ರ ಏನು ಅಂತ ನನಗ ಹ್ಯಾಂಗ ತಿಳೀಬೇಕು?"

ಈ ಪ್ರಶ್ನೆಗೆ ಅಂದು ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಅದಕ್ಕೂ ಮಿಗಿಲಾಗಿ, ಹಿಂದೊಮ್ಮೆ ತರಬೇತಿ ಶಿಬಿರದಲ್ಲಿ ರೆಫ್ರ್ಯಾಕ್ಟೋಮೀಟರ್ ಕೈಗೆ ಕೊಟ್ಟು "24 ಬ್ರಿಕ್ಸ್ ಬಂದರೆ ಕಟಾವು ಮಾಡಿ" ಎಂದು ಅವರಿಗೆ ಹೇಳಿದವನು ನಾನೇ. ಆ ಸಲಹೆ ಅರ್ಧ ಮಾತ್ರ ಸರಿಯಾಗಿತ್ತು. ಉಳಿದ ಅರ್ಧವನ್ನು ಈ ಲೇಖನದಲ್ಲಿ ಬರೆಯುತ್ತಿದ್ದೇನೆ. ವೈನ್ ಕುಡಿಯಿರಿ ಎಂದು ಹೇಳುವುದು ಇದರ ಉದ್ದೇಶವಲ್ಲ. ಅದನ್ನು ಮುಟ್ಟದವರೂ ತಮ್ಮ ಮಾಲಿನ ಗುಣವನ್ನು ತಾವೇ ಅಳೆಯಲು ಸಾಧ್ಯ ಎಂಬುದನ್ನು ತೋರಿಸುವುದು ಉದ್ದೇಶ.

ಇಟಲಿಯ ದ್ರಾಕ್ಷಿ ನಮ್ಮ ಸುತ್ತಮುತ್ತ

ಸಾಂಜೋವೇಸೆ ಇಟಲಿಯ ಟಸ್ಕನಿ ಪ್ರಾಂತದ ಮುಖ್ಯ ಕಪ್ಪು ದ್ರಾಕ್ಷಿ. ಕಿಯಾಂಟಿ ಎಂಬ ಹೆಸರಾಂತ ಕೆಂಪು ವೈನ್ ಬಹುಪಾಲು ಇದರಿಂದಲೇ ಆಗುತ್ತದೆ. ಕಿಯಾಂಟಿ ಕ್ಲಾಸಿಕೊ ಎಂಬ ಹೆಸರಿನಲ್ಲಿ ಮಾರಬೇಕಾದರೆ ಕನಿಷ್ಠ ಶೇಕಡಾ 80ರಷ್ಟು ಸಾಂಜೋವೇಸೆ ಇರಲೇಬೇಕೆಂದು ಅಲ್ಲಿ ನಿಯಮವಿದೆ. ಈ ತಳಿ ತಡವಾಗಿ ಮಾಗುತ್ತದೆ, ಸಿಪ್ಪೆ ತೆಳು, ಹುಳಿ ಹೆಚ್ಚು, ಒಗರೂ ಸಾಕಷ್ಟು. ಅಂದರೆ ಹುಟ್ಟುಗುಣದಿಂದ ಇದು ಮೃದುವಾದ ದ್ರಾಕ್ಷಿಯೇ ಅಲ್ಲ. ಇಟಲಿಯವರು ಇದನ್ನು ಪಳಗಿಸಿ ಮೃದು ಮಾಡಿಕೊಂಡಿದ್ದಾರೆ.

ಹೀಗೆ ಪಳಗಿಸುವ ಮಾತು ಹಳೆಯದು. ಬ್ರೋಲಿಯೊ ಕೋಟೆಯ ಜಹಗೀರುದಾರರೂ ಇಟಲಿಯ ಪ್ರಧಾನಿಯೂ ಆಗಿದ್ದ ಬೆಟ್ಟೀನೊ ರಿಕಾಸೊಲಿ ತಮ್ಮ ತೋಟದಲ್ಲಿ ಹಲವು ವರ್ಷ ಪ್ರಯೋಗ ಮಾಡಿ, 1872ರಲ್ಲಿ ಪೀಸಾದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಪತ್ರದಲ್ಲಿ ತಮ್ಮ ಮಿಶ್ರಣವನ್ನು ವಿವರಿಸಿದರು. ಪರಿಮಳ ಮತ್ತು ಕಸುವಿಗೆ ಸಾಂಜೋವೇಸೆ, ಅದರ ಬಿರುಸನ್ನು ತಗ್ಗಿಸಲು ಕನಾಯೋಲೊ ಎಂಬ ಇನ್ನೊಂದು ಕಪ್ಪು ದ್ರಾಕ್ಷಿ, ಬೇಗ ಕುಡಿದು ಮುಗಿಸುವ ವೈನಿಗಾದರೆ ಸ್ವಲ್ಪ ಬಿಳಿಯ ಮಲ್ವಾಸಿಯ. ಬಿರುಸು ತಗ್ಗಬೇಕು, ಪರಿಮಳ ಹೋಗಬಾರದು ಎಂಬುದು ಅವರ ಲೆಕ್ಕ. ಇಂದಿಗೂ ಮೃದುವಾದ ವೈನ್ ಎಂದರೆ ಅರ್ಥ ಇದೇ. ಸಪ್ಪೆಯಾದದ್ದು ಮೃದುವಲ್ಲ.

ಈ ತಳಿ ನಮಗೆ ದೂರದ್ದೇನೂ ಅಲ್ಲ. ಲಚ್ಯಾಣದಲ್ಲಿ ರೈಲು ಹತ್ತಿ ಸೊಲ್ಲಾಪುರ ತಲುಪಿ, ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಅಕಲೂಜ ಸಿಗುತ್ತದೆ. ಅಲ್ಲಿ ನೀರಾ ನದಿಯಿದೆ. ಅದು ನರಸಿಂಗಪುರದಲ್ಲಿ ಭೀಮೆಯನ್ನು ಕೂಡಿ ಮುಂದೆ ನಮ್ಮ ಇಂಡಿ ತಾಲ್ಲೂಕಿನ ಗಡಿಗೆ ಬರುತ್ತದೆ. ಅಕಲೂಜದ ಬಳಿ ಫ್ರಾಟೆಲ್ಲಿ ಎಂಬ ಸಂಸ್ಥೆಯವರು 2007ರ ಸುಮಾರಿಗೆ ಇಟಲಿಯ ಪಾಲುದಾರರೊಡನೆ ತೋಟ ಮಾಡಿ ಸಾಂಜೋವೇಸೆಯನ್ನೂ ನೆಟ್ಟರು. ಫ್ರಾಟೆಲ್ಲಿ ಎಂದರೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು. ಟಸ್ಕನಿಯ ವೈನ್ ತಜ್ಞ ಪಿಯೆರೊ ಮಾಸಿ ಅವರಿಗೆ ಮಾರ್ಗದರ್ಶನ ಮಾಡಿದರು. ಸಾಂಜೋವೇಸೆಗೆ ಕ್ಯಾಬರ್ನೆ ಸೊವಿನ್ಯಾನ್ ಸೇರಿಸಿದ ಅವರ ಸೆಟ್ಟೆ ಎಂಬ ವೈನ್ ಹೆಸರು ಪಡೆಯಿತು. ನಮ್ಮ ರಾಜ್ಯದಲ್ಲಿಯೂ ಹಂಪಿ ಬೆಟ್ಟಗಳ ಸೀಮೆಯ ಕೃಷ್ಮಾ ತೋಟದವರು ಈ ತಳಿಯ ವೈನ್ ಮಾಡಿದ್ದಾರೆ. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದದ್ದೂ 2007ರಲ್ಲಿಯೇ. ಆದರೂ ವಿಜಯಪುರ ಜಿಲ್ಲೆಯ ದ್ರಾಕ್ಷಿ ಎಂದರೆ ಬಹುಮಟ್ಟಿಗೆ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳು, ಅವುಗಳ ಒಣದ್ರಾಕ್ಷಿ. ಆ ಬೆಳೆಯಲ್ಲಿ ಪಡೆದ ಅನುಭವವನ್ನೇ ವೈನ್ ದ್ರಾಕ್ಷಿಗೂ ಹೂಡುವುದರಿಂದ ತೊಂದರೆ ಆರಂಭವಾಗುತ್ತದೆ.

ಒಗರು, ಹುಳಿ, ಮೃದುತ್ವ

ದಾಳಿಂಬೆ ಬೆಳೆಯುವವರಿಗೆ ಒಗರೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ದಾಳಿಂಬೆ ಸಿಪ್ಪೆಯ ಒಂದು ಚೂರನ್ನು ಅಗಿದು ನೋಡಿ. ನಾಲಿಗೆ ಒಣಗಿ, ಒಸಡು ಬಿಗಿದು, ಬಾಯೊಳಗೆ ಮರಳು ಕಾಗದ ಎಳೆದ ಹಾಗಾಗುತ್ತದೆ. ಇದಕ್ಕೆ ಕಾರಣವಾದ ವಸ್ತುವೇ ಟ್ಯಾನಿನ್. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನು ಬಾಯಿಗೆ ಎಣ್ಣೆ ಸವರಿದಂತೆ ಜಾರಿಕೆ ಕೊಡುತ್ತದೆ. ಟ್ಯಾನಿನ್ ಆ ಪ್ರೋಟೀನನ್ನು ಹಿಡಿದು ಗಂಟುಕಟ್ಟಿಸುತ್ತದೆ, ಜಾರಿಕೆ ಹೋಗುತ್ತದೆ. ಆದ್ದರಿಂದ ಒಗರು ನಿಜವಾಗಿ ರುಚಿಗಿಂತ ಹೆಚ್ಚಾಗಿ ಸ್ಪರ್ಶ.

ಕಪ್ಪು ದ್ರಾಕ್ಷಿಯ ತಿರುಳಿನಲ್ಲಿ ಟ್ಯಾನಿನ್ ಅಷ್ಟಾಗಿ ಇಲ್ಲ. ಅದಿರುವುದು ಸಿಪ್ಪೆ, ಬೀಜ ಮತ್ತು ತೊಟ್ಟಿನಲ್ಲಿ. ಬಿಳಿ ವೈನಿಗೆ ರಸವನ್ನಷ್ಟೇ ಹಿಂಡಿ ಹುದುಗೆಬ್ಬಿಸುತ್ತಾರೆ. ಕೆಂಪು ವೈನಿಗೆ ಬಣ್ಣ ಬೇಕಾದ್ದರಿಂದ ಸಿಪ್ಪೆ ಬೀಜಗಳ ಸಮೇತ ದಿನಗಟ್ಟಲೆ ನೆನೆಹಾಕಿಯೇ ಹುದುಗೆಬ್ಬಿಸಬೇಕು. ಆಗ ಸಿಪ್ಪೆಯ ಟ್ಯಾನಿನ್ ಮೊದಲು ಇಳಿಯುತ್ತದೆ. ಮದ್ಯಸಾರದ ಅಂಶ ಏರಿದಂತೆ ಬೀಜದ್ದೂ ಇಳಿಯುತ್ತದೆ. ಸಿಪ್ಪೆಯ ಒಗರು ಮೆತ್ತಗಿನದು, ಬೀಜದ್ದು ಬಿರುಸು. ಬೀಜ ಹಸಿರಾಗಿದ್ದರೆ ಬಿರುಸು ಇನ್ನೂ ಹೆಚ್ಚು. ಬೀಜ ಮಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅದರ ಟ್ಯಾನಿನ್ ಸುಲಭವಾಗಿ ವೈನಿಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಹುಳಿ. ಇಂಡಿಯ ನಿಂಬೆರಸದಲ್ಲಿ ಹುಳಿ ಶೇಕಡಾ 6ರ ಆಸುಪಾಸಿನಲ್ಲಿದ್ದರೆ ಕೆಂಪು ವೈನಿನಲ್ಲಿ ಲೀಟರಿಗೆ 5-6 ಗ್ರಾಂ, ಅಂದರೆ ನಿಂಬೆಯ ಹತ್ತನೆಯ ಒಂದು ಪಾಲು ಮಾತ್ರ. ಆದರೂ ಆ ಪಾಲೇ ವೈನಿಗೆ ಜೀವ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳಿವೆ. ಹುದುಗುವಿಕೆ ಮುಗಿದ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಹಸಿ ಮಾವಿನಕಾಯಿಯ ಹುಳಿ ಹೋಗಿ ಮೊಸರಿನ ಹುಳಿ ಬಂದಂತೆ ಎಂದು ತಿಳಿಯಿರಿ. ವೈನು ಮೃದುವಾಗುವ ಒಂದು ಹಂತ ಇದು. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಸ್ವಲ್ಪ ಸ್ವಲ್ಪವೇ ಗಾಳಿ ತಾಗಿ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಂಡು ಒಗರು ಇನ್ನಷ್ಟು ತಗ್ಗುತ್ತದೆ. ಇವೆಲ್ಲ ವೈನರಿಯವರ ಕೆಲಸ. ಹಸಿರು ಬೀಜದ ಬಿರುಸನ್ನು ಮಾತ್ರ ಅವರು ಪೂರ್ತಿ ತೆಗೆಯಲಾರರು. ಅದು ತೋಟದಿಂದ ಬಂದದ್ದು.

ಚೆನ್ನಾಗಿ ಮಾಗಿದ ಸಾಂಜೋವೇಸೆಯ ವೈನು ಕಡುಗಪ್ಪಲ್ಲ, ಮಾಣಿಕ್ಯದ ಕೆಂಪು. ವಾಸನೆ ಹುಳಿ ಚೆರಿ ಹಣ್ಣಿನದು ಎನ್ನುತ್ತಾರೆ. ಚೆರಿ ನಮ್ಮಲ್ಲಿ ಬೆಳೆಯುವುದಿಲ್ಲ. ಹಣ್ಣಾದ ಕವಳಿಯನ್ನು ನೆನೆಸಿಕೊಂಡರೆ ಹತ್ತಿರ ಬರುತ್ತದೆ. ಜೊತೆಗೆ ಒಣಗಿದ ಚಹಾ ಎಲೆಯ, ಮಳೆ ಬಿದ್ದ ಮಣ್ಣಿನ ಛಾಯೆ. ಬಾಯಲ್ಲಿ ಮಧ್ಯಮ ತೂಕ, ಮುಂದೆ ಹುಳಿ, ಹಿಂದೆ ತೆಳುವಾದ ಒಗರು.

ಯಾವ ಊಟಕ್ಕೆ ಒಗ್ಗುತ್ತದೆ, ಏಕೆ

ಬೆಳೆಗಾರರಿಗೆ ಊಟದ ಮಾತೇಕೆ ಎಂದು ಕೇಳಬಹುದು. ಇಟಲಿಯಲ್ಲಿ ವೈನ್ ಊಟದ ಒಂದು ಭಾಗ. ಬರಿದೇ ಕುಡಿದರೆ ಬಿರುಸೆನಿಸುವ ವೈನು ಊಟದ ಜೊತೆ ಸರಿಹೋಗುತ್ತದೆ. ನಮ್ಮ ದೇಶದಲ್ಲಿ ಅದನ್ನು ಕೊಳ್ಳುವವರ ಊಟ ಬೇರೆ. ಈ ವ್ಯತ್ಯಾಸ ಕೊನೆಗೆ ನಿಮ್ಮ ಮಾಲಿನ ದರ್ಜೆಗೆ ಬಂದು ಮುಟ್ಟುತ್ತದೆ.

ಕಡು ಚಹಾ ಒಗರಾಗಿರುತ್ತದೆ. ಅದಕ್ಕೆ ಹಾಲು ಹಾಕಿದರೆ ಒಗರು ಅಡಗುತ್ತದೆ, ಏಕೆಂದರೆ ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದುಕೊಂಡು ನಿಮ್ಮ ಜೊಲ್ಲನ್ನು ಬಿಟ್ಟುಬಿಡುತ್ತದೆ. ಮಾಂಸ ಮತ್ತು ಗಿಣ್ಣು ಕೆಂಪು ವೈನಿಗೆ ಒಗ್ಗುವುದರ ಗುಟ್ಟು ಇಷ್ಟೇ. ಟಸ್ಕನಿಯಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸ, ಕುರಿಹಾಲಿನ ಗಟ್ಟಿ ಚೀಸು, ಕಾಳಿನ ಸಾರು, ಟೊಮೆಟೊ ಗೊಜ್ಜಿನ ಅಡುಗೆಗಳನ್ನು ಈ ವೈನಿನೊಡನೆ ಉಣ್ಣುತ್ತಾರೆ. ಟೊಮೆಟೊ ಸ್ವತಃ ಹುಳಿ. ವೈನಿನಲ್ಲಿ ಅದಕ್ಕೆ ಸರಿದೂಗುವ ಹುಳಿ ಇಲ್ಲದಿದ್ದರೆ ವೈನು ನೀರಿನಂತೆ ಸಪ್ಪೆಯಾಗುತ್ತದೆ. ಸಾಂಜೋವೇಸೆಗೆ ಆ ಹುಳಿ ಇದೆ. ಊಟದಲ್ಲಿ ಉಪ್ಪು ಹದವಾಗಿದ್ದರೆ ಒಗರು ಮತ್ತಷ್ಟು ಕಡಿಮೆ ತೋರುತ್ತದೆ.

ಖಾರದ ಮಾತು ಬೇರೆ. ಮೆಣಸಿನಕಾಯಿಯ ಖಾರವನ್ನು ವೈನಿನ ಮದ್ಯಸಾರ ಕೆರಳಿಸುತ್ತದೆ. ಉರಿಯುವ ಬಾಯಿಗೆ ಒಗರು ಇಮ್ಮಡಿಯಾಗಿ ಕಾಣುತ್ತದೆ. ಇಟಲಿಯ ಊಟದೊಡನೆ ಸಹಿಸಬಹುದಾದ ಒಗರು ನಮ್ಮ ಮಸಾಲೆ ಊಟದೊಡನೆ ಸಹಿಸಲಾಗದು. ಆದ್ದರಿಂದ ನಮ್ಮ ದೇಶದಲ್ಲಿ ಮಾರಬೇಕಾದ ಕೆಂಪು ವೈನು ಇಟಲಿಯದಕ್ಕಿಂತ ಹೆಚ್ಚು ಮೃದುವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ವೈನರಿಯವರು ಬೀಜ ನೋಡಿ ಮಾಲು ಹಿಂದಕ್ಕೆ ತಳ್ಳುವುದರ ಹಿಂದೆ ಈ ಕಾರಣವೂ ಇದೆ.

ಹಾಗಾದರೆ ನಮ್ಮ ಸೀಮೆಯ ಅಡುಗೆಯಲ್ಲಿ ಇದಕ್ಕೆ ಒಗ್ಗುವುದು ಯಾವುದು? ಶೇಂಗಾ ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿ ಒಗ್ಗುತ್ತದೆ, ಖಾರ ಮಿತವಾಗಿದ್ದರೆ. ಅದರ ಎಣ್ಣೆ ಮತ್ತು ಶೇಂಗಾದ ಜಿಡ್ಡು ಒಗರನ್ನು ಮುಚ್ಚುತ್ತದೆ; ವೈನಿನ ಹುಳಿ ಜಿಡ್ಡನ್ನು ಕಡಿಯುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಹಾಕಿ ಬೇಯಿಸಿದ ಕುರಿ ಮಾಂಸವೂ ಹಾಗೆಯೇ. ಜೋಳದ ರೊಟ್ಟಿ ಯಾವ ಪಕ್ಷಕ್ಕೂ ಸೇರದೆ ಬಾಯನ್ನು ಶುಚಿಮಾಡುತ್ತದೆ. ಝುಣಕ ಮತ್ತು ಬೆಣ್ಣೆ ಪರವಾಗಿಲ್ಲ. ಶೇಂಗಾ ಹಿಂಡಿ, ರಂಜಕ ಬೇಡ. ಒಣ ಖಾರದ ಮುಂದೆ ವೈನು ಕಹಿಯಾಗುತ್ತದೆ. ಹೋಳಿಗೆ, ಮಾದೇಲಿಗಳೂ ಬೇಡ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನು ಬರೀ ಹುಳಿನೀರು. ಕೆಂಪು ವೈನನ್ನು ಮೀನಿನೊಡನೆ ಕುಡಿದರೆ ಎಷ್ಟೋ ಸಲ ಬಾಯಲ್ಲಿ ಕಬ್ಬಿಣದ ರುಚಿ ನಿಲ್ಲುತ್ತದೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆ ಕೋಣೆ ಯೂರೋಪಿನದು, ವಿಜಯಪುರದ ಏಪ್ರಿಲ್ ತಿಂಗಳದ್ದಲ್ಲ. 16ರಿಂದ 18 ಡಿಗ್ರಿ ಸೆಲ್ಸಿಯಸ್ ತಕ್ಕದ್ದು. ಅದಕ್ಕಿಂತ ಬೆಚ್ಚಗಾದರೆ ಮದ್ಯಸಾರ ಮೂಗಿಗೆ ಹೊಡೆಯುತ್ತದೆ. ತೀರ ತಣ್ಣಗಾದರೆ ಒಗರು ಎದ್ದು ಕಾಣುತ್ತದೆ.

ಸಕ್ಕರೆ ಏರಿತೋ, ನೀರು ಇಳಿಯಿತೋ

ಈಗ ಲಚ್ಯಾಣದ ಪ್ರಶ್ನೆಗೆ ಬರೋಣ. 24 ಬ್ರಿಕ್ಸ್ ಬಂದೂ ಬೀಜ ಏಕೆ ಹಸಿರಾಗಿತ್ತು?

ದ್ರಾಕ್ಷಿಯಲ್ಲಿ ಸಕ್ಕರೆಯ ಮಾಗುವಿಕೆ ಮತ್ತು ಬೀಜ, ಸಿಪ್ಪೆಗಳ ಮಾಗುವಿಕೆ ಜೋಡೆತ್ತುಗಳಲ್ಲ. ತಂಪು ನಾಡಿನಲ್ಲಿ ಎರಡೂ ಹೆಚ್ಚುಕಡಿಮೆ ಜೊತೆಗೆ ನಡೆಯುತ್ತವೆ. ನಮ್ಮಲ್ಲಿ ಫೆಬ್ರುವರಿ ದಾಟಿ ಬಿಸಿಲು ಬಲಿತಂತೆ ಸಕ್ಕರೆ ಓಡುತ್ತದೆ, ಮ್ಯಾಲಿಕ್ ಆಮ್ಲ ಬಿಸಿಗೆ ಉರಿದುಹೋಗುತ್ತದೆ, ಬೀಜ ಹಿಂದೆ ಉಳಿಯುತ್ತದೆ. 35 ಡಿಗ್ರಿ ಮೀರಿದ ಹಗಲುಗಳಲ್ಲಿ ಸಿಪ್ಪೆಯ ಬಣ್ಣವೂ ಸರಿಯಾಗಿ ಕೂಡುವುದಿಲ್ಲ.

ಇದರ ಮೇಲೆ ಆ ರೈತರು ಕಟಾವಿಗೆ ಹದಿನೈದು ದಿನ ಮೊದಲೇ ಹನಿ ನೀರಾವರಿಯನ್ನು ಪೂರ್ತಿ ನಿಲ್ಲಿಸಿದ್ದರು. ಒಣದ್ರಾಕ್ಷಿ ಮಾಡಿದ ಅನುಭವ ಅವರಿಗೆ ಹಾಗೆ ಹೇಳಿಕೊಟ್ಟಿತ್ತು. ಲೆಕ್ಕ ಹಾಕಿ ನೋಡಿ. 100 ಕಾಳಿನ ತೂಕ 180 ಗ್ರಾಂ, ಬ್ರಿಕ್ಸ್ 21.5 ಇದ್ದಾಗ ಅವುಗಳಲ್ಲಿರುವ ಸಕ್ಕರೆ ಸುಮಾರು 38.7 ಗ್ರಾಂ. ಒಂದು ವಾರದ ಬಳಿಕ ಅದೇ ತೋಟದ 100 ಕಾಳಿನ ತೂಕ 160 ಗ್ರಾಂ, ಬ್ರಿಕ್ಸ್ 24 ಆದರೆ ಸಕ್ಕರೆ 38.4 ಗ್ರಾಂ. ಅಂದರೆ ಒಂದು ಗ್ರಾಮಿನಷ್ಟೂ ಹೊಸ ಸಕ್ಕರೆ ಬಂದಿಲ್ಲ, ಕಾಳಿನ ನೀರು ಆರಿದೆ ಅಷ್ಟೆ. ರೆಫ್ರ್ಯಾಕ್ಟೋಮೀಟರ್ ಸುಳ್ಳು ಹೇಳಲಿಲ್ಲ. ನಾವು ಅದರ ಜೊತೆಗೆ ತಕ್ಕಡಿಯನ್ನು ಇಟ್ಟಿರಲಿಲ್ಲ. ಬ್ರಿಕ್ಸ್ ಅಳೆಯುವಾಗಲೆಲ್ಲ 100 ಕಾಳಿನ ತೂಕವನ್ನೂ ಬರೆದಿಡಿ. ತೂಕ ಇಳಿಯುತ್ತ ಬ್ರಿಕ್ಸ್ ಏರುತ್ತಿದ್ದರೆ ಅದನ್ನು ಮಾಗುವಿಕೆ ಎಂದು ಎಣಿಸಬೇಡಿ. ಇನ್ನೊಂದು ಮಾತು: 24 ಬ್ರಿಕ್ಸ್ ರಸದಿಂದ ಶೇಕಡಾ 14ರ ಹತ್ತಿರ ಮದ್ಯಸಾರ ಬರುತ್ತದೆ. ಬೀಜ ಮಾಗಲೆಂದು ಸಕ್ಕರೆಯನ್ನು 27ಕ್ಕೆ ಏರಲು ಬಿಟ್ಟರೂ ವೈನು ಕೆಡುತ್ತದೆ, ಬಾಯಿ ಸುಡುತ್ತದೆ. ಹೀಗಾಗಿ ಸಕ್ಕರೆಯ ಓಟವನ್ನು ತಡೆದು, ಬೀಜಕ್ಕೆ ಕಾಲಾವಕಾಶ ಕೊಡುವುದೇ ಬೆಳೆಗಾರರ ಕೆಲಸ.

ಇದಕ್ಕೆ ತೋಟದಲ್ಲಿ ಏನು ಮಾಡಬಹುದು? ನೀರಿನ ವಿಷಯದಲ್ಲಿ, ಕಾಳು ಕಟ್ಟಿದ ಮೇಲೆ ಬಣ್ಣ ತಿರುಗುವ ತನಕ ಸ್ವಲ್ಪ ಬಿಗಿ ಹಿಡಿಯಿರಿ. ಕಾಳು ಚಿಕ್ಕದಾಗಿ ಸಿಪ್ಪೆಯ ಪಾಲು ಹೆಚ್ಚುತ್ತದೆ. ಬಣ್ಣ ತಿರುಗಿದ ಮೇಲೆ ಎಲೆ ಬಾಡದಷ್ಟು ನೀರನ್ನು ಕಟಾವಿನವರೆಗೆ ಕೊಡುತ್ತಲೇ ಇರಬೇಕು. ಗೊಂಚಲಿನ ಸುತ್ತ ಎಲೆ ತೆಗೆಯುವುದಾದರೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಮಗ್ಗುಲಲ್ಲಿ ಮಾತ್ರ ತೆಗೆಯಿರಿ. ಪಶ್ಚಿಮದ ಎಲೆ ತೆಗೆದರೆ ತೆಳು ಸಿಪ್ಪೆಯ ಈ ಕಾಳು ಮಧ್ಯಾಹ್ನದ ಬಿಸಿಲಿಗೆ ಬೆಂದುಹೋಗುತ್ತದೆ. ಥಾಮ್ಸನ್‌ನಲ್ಲಿ ಎಕರೆಗೆ 10 ಟನ್ ತೆಗೆಯುವ ಕೈಗೆ ಇಲ್ಲಿ 4-5 ಟನ್ನಿಗೆ ನಿಲ್ಲುವುದು ಕಷ್ಟವೆನಿಸುತ್ತದೆ; ಆದರೆ ಸಾಂಜೋವೇಸೆಗೆ ಹೊರೆ ಹೆಚ್ಚಾದಷ್ಟೂ ಮಾಗುವಿಕೆ ಹಿಂದೆ ಬೀಳುತ್ತದೆ, ಬಣ್ಣ ಪೇಲವವಾಗುತ್ತದೆ. ಬಣ್ಣ ತಿರುಗುವ ಕಾಲದಲ್ಲಿ ಹಿಂದುಳಿದ ಹಸಿರು ಗೊಂಚಲುಗಳನ್ನು ಕತ್ತರಿಸಿ ಹಾಕಿ.

ಚಾಟ್ನಿಯ ಕಾಲವೂ ಮುಖ್ಯ. ಈ ತಳಿಗೆ ಚಾಟ್ನಿಯಿಂದ ಕಟಾವಿನವರೆಗೆ ಸುಮಾರು ಐದು ತಿಂಗಳು ಬೇಕು. ತಡಮಾಡಿದರೆ ಕೊನೆಯ ಮಾಗುವಿಕೆ ಮಾರ್ಚ್ ತಿಂಗಳ ಬಿಸಿಲಿಗೆ ಸಿಗುತ್ತದೆ. ತೀರ ಮುಂಚೆ ಮಾಡಿದರೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್ ತಿಂಗಳಲ್ಲಿ ಎಳೆ ಚಿಗುರಿಗೆ ಬೂಜು ತುಪ್ಪಟ ರೋಗದ ಕಾಟ. ಸೆಪ್ಟೆಂಬರ್ ಕೊನೆಯ ವಾರವನ್ನು ನಾನು ಸೂಚಿಸುತ್ತೇನೆ, ಆಯಾ ವರ್ಷದ ಮಳೆ ನೋಡಿಕೊಂಡು. ರಾತ್ರಿ ತಂಪಿರುವ ಫೆಬ್ರುವರಿಯಲ್ಲಿ ಕಾಳು ಮಾಗಿದರೆ ಹುಳಿ ಉಳಿಯುತ್ತದೆ.

ಮಣ್ಣಿನ ಬಗ್ಗೆ ಒಂದು ಮಾತು. ಆಳವಾದ ಎರೆ ಭೂಮಿಯಲ್ಲಿ ಬಳ್ಳಿ ಕೊಬ್ಬುತ್ತದೆ, ಕಾಳು ದಪ್ಪವಾಗಿ ರಸ ತೆಳುವಾಗುತ್ತದೆ. ನೀವು ಕೆಲಸಕ್ಕೆ ಬಾರದ್ದೆಂದು ಬಿಟ್ಟಿರುವ ಗರಸು ಮಿಶ್ರಿತ ಮಡ್ಡಿಯೇ ಈ ಬೆಳೆಗೆ ಮೇಲು. ಪೊಟ್ಯಾಷ್ ಗೊಬ್ಬರವನ್ನು ಮಣ್ಣು ಪರೀಕ್ಷೆಯಿಲ್ಲದೆ ಸುರಿಯಬೇಡಿ. ಸಿಹಿ ಹೆಚ್ಚಲೆಂದು ಥಾಮ್ಸನ್‌ಗೆ ಹಾಕುವ ಅಭ್ಯಾಸದಲ್ಲಿ ಇಲ್ಲಿಯೂ ಹಾಕಿದರೆ, ಪೊಟ್ಯಾಷಿಯಂ ಕಾಳಿನಲ್ಲಿ ಕೂಡಿ ಟಾರ್ಟಾರಿಕ್ ಆಮ್ಲವನ್ನು ಕಟ್ಟಿಹಾಕುತ್ತದೆ; ರಸಸಾರ 3.6 ದಾಟಿ ಏರುತ್ತದೆ, ವೈನಿನ ಬಣ್ಣ ಮಂಕಾಗುತ್ತದೆ, ಅದು ಬೇಗ ಕೆಡುತ್ತದೆ.

ಬೀಜ ಅಗಿದು ನೋಡುವ ಕ್ರಮ

ಬಣ್ಣ ತಿರುಗಿ ಒಂದು ತಿಂಗಳಾದ ಬಳಿಕ ವಾರಕ್ಕೆ ಎರಡು ಸಲ, ಬೆಳಿಗ್ಗೆ ಎಂಟು ಗಂಟೆಯೊಳಗೆ 100 ಕಾಳು ಕೀಳಿರಿ. ಸಾಲಿನ ಎರಡೂ ಮಗ್ಗುಲಿನಿಂದ, ಬಿಸಿಲಿನ ಗೊಂಚಲು ನೆರಳಿನ ಗೊಂಚಲು ಎರಡರಿಂದಲೂ, ಗೊಂಚಲಿನ ಮೇಲು ಕೆಳಗು ಎನ್ನದೆ ಕೀಳಬೇಕು. ಕಣ್ಣಿಗೆ ಚೆಂದ ಕಂಡದ್ದನ್ನೇ ಕಿತ್ತರೆ ನಿಮ್ಮನ್ನು ನೀವೇ ಮೋಸ ಮಾಡಿಕೊಂಡಂತೆ. ತೂಕ ಮಾಡಿ, ಬ್ರಿಕ್ಸ್ ನೋಡಿ, ಆಮೇಲೆ ಹತ್ತು ಕಾಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳಿ.

ಮೊದಲು ತಿರುಳನ್ನು ಹೀರಿ ನುಂಗಿ. ಅದು ಬೀಜವನ್ನು ಸುಲಭವಾಗಿ ಬಿಟ್ಟರೆ ಮಾಗಿದೆ. ಲೋಳೆಯಂತೆ ಅಂಟಿಕೊಂಡಿದ್ದರೆ ಇಲ್ಲ. ಬಳಿಕ ಸಿಪ್ಪೆಯನ್ನು ಮುಂದಿನ ಹಲ್ಲಿನಲ್ಲಿ ಹತ್ತು ಹದಿನೈದು ಸಲ ಅಗಿದು, ನಾಲಿಗೆಯನ್ನು ಅಂಗುಳಿಗೆ ಸವರಿ ನೋಡಿ. ಜಾರಿದರೆ ಸರಿ, ಹಿಡಿದು ನಿಂತರೆ ಇನ್ನೂ ಕಾಯಬೇಕು. ಕೊನೆಗೆ ಬೀಜ. ಅಂಗೈಯಲ್ಲಿಟ್ಟು ಬಣ್ಣ ನೋಡಿ. ಸುತ್ತಲೂ ಕಂದು ಬಣ್ಣ ಬಂದಿರಬೇಕು, ಹಸಿರು ಗೆರೆ ಇರಬಾರದು. ಹಲ್ಲಿನಲ್ಲಿ ಕಚ್ಚಿದರೆ ಮೆತ್ತಗೆ ಅಪ್ಪಚ್ಚಿಯಾಗದೆ ಪಟ್ಟನೆ ಒಡೆದು, ಹುರಿದ ಶೇಂಗಾದ ಛಾಯೆ ಬರಬೇಕು. ಹಸಿ ಬೀಜ ದಾಳಿಂಬೆ ಸಿಪ್ಪೆಯನ್ನೇ ನೆನಪಿಗೆ ತರುತ್ತದೆ. ಒಂದು ಕಾಳಿನಿಂದ ಮುಂದಿನ ಕಾಳಿಗೆ ಹೋಗುವ ಮೊದಲು ಒಂದು ತುಣುಕು ರೊಟ್ಟಿ ತಿಂದು ನೀರು ಮುಕ್ಕಳಿಸಿ, ಇಲ್ಲವಾದರೆ ಒಗರು ಕೂಡುತ್ತ ಹೋಗಿ ಕೊನೆಯ ಕಾಳುಗಳೆಲ್ಲ ಕೆಟ್ಟವೆನಿಸುತ್ತವೆ. ಹತ್ತರಲ್ಲಿ ಎಂಟು ಬೀಜ ಮಾಗಿದ್ದು, ಬ್ರಿಕ್ಸ್ 23-24ರಲ್ಲಿದ್ದು, ಕಾಳಿನ ತೂಕ ಕುಸಿದಿರದಿದ್ದರೆ ಕಟಾವಿಗೆ ಹೇಳಿಕಳಿಸಬಹುದು.

ಕಟಾವನ್ನು ನಸುಕಿನಲ್ಲಿ ಮಾಡಿ, ತೆಳು ಸಿಪ್ಪೆ ಒಡೆಯದಂತೆ ಚಿಕ್ಕ ಕ್ರೇಟುಗಳಲ್ಲಿ ತುಂಬಿ, ಬಿಸಿಲೇರುವ ಮೊದಲೇ ಸಾಗಿಸಿ. ಮನೆಯಲ್ಲಿ ಪ್ರಯೋಗಕ್ಕೆಂದು ವೈನ್ ಮಾಡಲು ಹೋಗಬೇಡಿ. ಅದಕ್ಕೆ ಅಬಕಾರಿ ಪರವಾನಗಿ ಬೇಕು.

ಹೊಸದಾಗಿ ನೆಡುವ ವಿಚಾರದಲ್ಲಿರುವವರು ಒಂದು ಮಾತನ್ನು ಕೇಳಬೇಕು. ಈ ದ್ರಾಕ್ಷಿಯ ಕಾಳು ಚಿಕ್ಕದು, ಬೀಜ ತುಂಬಿದ್ದು. ಇದನ್ನು ತಿನ್ನಲು ಕೊಳ್ಳುವವರಿಲ್ಲ, ಒಣದ್ರಾಕ್ಷಿಗೂ ಬಾರದು. ವೈನರಿ ಬೇಡವೆಂದ ದಿನ ಇದಕ್ಕೆ ಬೇರೆ ಪೇಟೆ ಇಲ್ಲ. 2008ರ ನಂತರ ವೈನಿನ ಬೇಡಿಕೆ ಕುಸಿದಾಗ ಮಹಾರಾಷ್ಟ್ರದಲ್ಲಿ ಅನೇಕ ಬೆಳೆಗಾರರು ಮಾಲು ಹೋಗದೆ ಬಳ್ಳಿಗಳನ್ನೇ ಕಿತ್ತುಹಾಕಿದರು. ಆದ್ದರಿಂದ ಖರೀದಿಯ ಲಿಖಿತ ಕರಾರಿಲ್ಲದೆ ಒಂದು ಸಸಿಯನ್ನೂ ನೆಡಬೇಡಿ. ಕರಾರಿನಲ್ಲಿ ಬ್ರಿಕ್ಸ್ ಎಷ್ಟಿರಬೇಕೆಂಬುದರ ಜೊತೆಗೆ ರಸಸಾರ, ಆಮ್ಲತೆ, ಬೀಜದ ಮಾಗುವಿಕೆಯನ್ನು ಯಾರು, ಯಾವಾಗ, ಎಲ್ಲಿ ನೋಡುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಲಚ್ಯಾಣದ ಆ ರೈತರ ಕರಾರಿನಲ್ಲಿ ಬ್ರಿಕ್ಸ್ ಒಂದೇ ಇತ್ತು, "ಗುಣಮಟ್ಟಕ್ಕೆ ಒಳಪಟ್ಟು" ಎಂಬ ಎರಡು ಪದಗಳ ಹೊರತಾಗಿ. ಈ ಸಲ ಅವರು ಹೊಸ ಕರಾರಿನಲ್ಲಿ, ಕಟಾವಿಗೆ ಮೂರು ದಿನ ಮೊದಲು ತೋಟದಲ್ಲಿಯೇ ಇಬ್ಬರೂ ಕೂಡಿ ಬೀಜ ಪರೀಕ್ಷೆ ಮಾಡುವುದೆಂದು ಬರೆಸಿದ್ದಾರೆ.